ಬೇವಿನ ಸೊಪ್ಪು ಕಟ್ಟಿದ ಡಬ್ಬಿಯ ಜೋಗುಳ

ದೆವ್ವ, ಶಕುನ, ಕನಸಿನ ಫಲ ಎಂಬ ಮಾತು ಬಂದರೆ ಎದ್ದು ಹೋಗುವ ಜಾತಿಯವನು ನಾನು. "ನೀವೇ ಕಂಡಿರೋ, ಯಾರೋ ಹೇಳಿದ್ದೋ?" ಎಂದು ಕೇಳಿ ಎಷ್ಟೋ ಜನರ ಬಾಯಿ ಮುಚ್ಚಿಸಿದ್ದೇನೆ. ಈಗ ನನ್ನ ಸರದಿ. ಇದು ನಾನೇ ಕಂಡದ್ದು. ನಂಬಲೇಬೇಕೆಂಬ ಒತ್ತಾಯವೇನಿಲ್ಲ.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಬಳ್ಳಾರಿಯಲ್ಲಿ ಕಂಪ್ಯೂಟರ್ ಕಲಿಸುವ ಪುಟ್ಟ ಸೆಂಟರಿನಲ್ಲಿ ನಾವು ಮೂವರು ಕೆಲಸಕ್ಕಿದ್ದೆವು: ನಾನು, ಕುರುಗೋಡಿನ ಎರ್ರಿಸ್ವಾಮಿ, ಸಿರುಗುಪ್ಪದ ವೀರೇಶ. ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕಾದ ಎ.ಸಿ. ಕೋಣೆ. ಅಷ್ಟು ಮಡಿ ಮಾಡಿದರೂ ಯಾರದೋ ಫ್ಲಾಪಿಯ ಜೊತೆ ವೈರಸ್ ಒಳಗೆ ಬಂತು. ಮಾಲೀಕರು ಅದನ್ನು ಹುಡುಕುವ ಪ್ರೋಗ್ರಾಮೊಂದನ್ನು ಹೈದರಾಬಾದಿನಿಂದ ತರಿಸಿದರು. ಅದು ಕೆಟ್ಟದ್ದೆಂದು ತೋರಿಸಿದ ಫ್ಲಾಪಿಗಳನ್ನು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಬೇರೆ ಇಡಬೇಕು, ಯಾವ ಮಷೀನಿಗೂ ಹಾಕಕೂಡದು ಎಂದು ಕಟ್ಟಪ್ಪಣೆಯಾಯಿತು.

ಎರ್ರಿಸ್ವಾಮಿ ಆ ಡಬ್ಬಿಗೆ ಬೇವಿನ ಸೊಪ್ಪು ಕಟ್ಟಿದ. "ಅಮ್ಮ ಬಂದಾಳಪ್ಪ. ಇನ್ನ ಮ್ಯಾಲೆ ಇಲ್ಲಿ ವಗ್ಗರಣಿ ಬಂದ್," ಎಂದ. ಮೈಮೇಲೆ ಅಮ್ಮ ಎದ್ದವರಿರುವ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲವಲ್ಲ, ಅದಕ್ಕೆ. ನಮ್ಮ ಸಂಜೆಯ ಮಂಡಕ್ಕಿ ವಗ್ಗರಣಿ-ಮಿರ್ಚಿಯೇನೂ ನಿಲ್ಲಲಿಲ್ಲ.

ಡಬ್ಬಿಗೆ ಬಿದ್ದದ್ದರಲ್ಲಿ ವೀರೇಶನ ಫ್ಲಾಪಿಯೂ ಒಂದು. ತಾಯಿ ಹಾಡುತ್ತಿದ್ದ ಜೋಗುಳದ ಧಾಟಿಯನ್ನು ಅವನು ಪ್ರೋಗ್ರಾಮು ಬರೆದು ಅದರಲ್ಲಿ ಹಾಕಿದ್ದ. ಮಷೀನು ತನ್ನ ಬೀಪ್ ಸದ್ದಿನಲ್ಲೇ ಅದನ್ನು ಹಾಡುತ್ತಿತ್ತು. ಒಮ್ಮೆ ನನಗೊಬ್ಬನಿಗೇ ಕೇಳಿಸಿ, "ಮೂರನೇ ಸಾಲಿನ ತುದಿಗಿ ದನಿ ಇಳಿಬೇಕಲೇ, ನಾನು ಏರಿಸೀನಿ. ಸರಿ ಮಾಡಿ ಅವ್ವನ್ನ ಕರಕೊಂಡು ಬರ್ತೀನಿ. ತಪ್ಪೈತಿ ಅಂತ ಯಾರಿಗೂ ಹೇಳಬ್ಯಾಡ," ಎಂದಿದ್ದ. ಸರಿ ಮಾಡಲಾಗಲಿಲ್ಲ. ಕಾಮಾಲೆಯಾಗಿ ಊರಿಗೆ ಹೋದವನು ತಿರುಗಿ ಬರಲಿಲ್ಲ. ನಮ್ಮ ವಯಸ್ಸಿನವನು ಸಾಯಬಹುದೆಂದೇ ನಮಗೆ ಅಲ್ಲಿಯವರೆಗೆ ತೋಚಿರಲಿಲ್ಲ.

ಮಣ್ಣಿಗೆ ಹೋದ ದಿನ ಎರ್ರಿಸ್ವಾಮಿ, ಆ ತಾಯಿಗೆ ಸಮಾಧಾನವಾಗಲಿ ಎಂದು, ಹಾಡಿನ ಸುದ್ದಿ ಹೇಳಿಬಿಟ್ಟಿದ್ದ. ಕೆಲವು ವಾರಗಳ ನಂತರ ಒಂದು ಮಧ್ಯಾಹ್ನ ವೀರೇಶನ ತಾಯಿ ನೀಲಮ್ಮ ಒಬ್ಬರೇ ಬಸ್ಸು ಹತ್ತಿ ಬಂದರು.

"ಒಂದ ಸಲ ಕೇಳಿಸ್ರಪ್ಪ. ಮತ್ತ ಬಂದು ತ್ರಾಸ ಕೊಡಾಂಗಿಲ್ಲ."

ಬೇರೆ ಪ್ರತಿ ಇರಲಿಲ್ಲ. ಮಾಲೀಕರು ಡಬ್ಬಿಯತ್ತ ನೋಡಿದರು, ನೀಲಮ್ಮನ ಮುಖ ನೋಡಿದರು. "ಆ ಹಳೇ ಮಷೀನಿಗೆ ಹಾಕ್ರಿ. ಕೆಟ್ಟರ ಕೆಡ್ಲಿ," ಎಂದರು. ಡಬ್ಬಿ ತಂದಾಗ ನೀಲಮ್ಮ ಒಣಗಿದ ಸೊಪ್ಪು ಕಂಡು ಕೈ ಮುಗಿದರು. "ಯಾರಿಗಪ್ಪ ಅಮ್ಮ ಬಂದಿದ್ದು?" ಎಂದು ಕೇಳಿದರು. ತಮಾಷೆಗೆ ಕಟ್ಟಿದ್ದ ಎರ್ರಿಸ್ವಾಮಿ ಸೊಪ್ಪು ಬಿಚ್ಚಿ ಪಕ್ಕಕ್ಕಿಟ್ಟ.

ಫ್ಲಾಪಿ ಹಾಕಿದೆ. ಫೈಲಿನ ಹೆಸರು ಪರದೆಯ ಮೇಲೆ ಕಂಡಿತು, ಆದರೆ ಒಳಗಿನದನ್ನು ವೈರಸ್ ತಿಂದುಹಾಕಿತ್ತು. ಮತ್ತೆ ಮತ್ತೆ ಯತ್ನಿಸಿದೆ. ಒಳಗೆ ಕರಕರ ಎಂದು ಸದ್ದಾಗಿ ನಿಂತಿತು. ಓದಲಾಗುವುದಿಲ್ಲ ಎಂದು ಪರದೆ ಹೇಳಿತು. ಸಿರುಗುಪ್ಪದಿಂದ ಬಂದ ಈ ತಾಯಿಗೆ ಹೇಗೆ ಹೇಳಲಿ? ಹೇಳಲೆಂದು ತಿರುಗಿದೆ.

ನೀಲಮ್ಮ ಸೆರಗನ್ನು ಬಾಯಿಗೆ ಒತ್ತಿ ಕಣ್ಣು ಮುಚ್ಚಿ ಕುಳಿತಿದ್ದರು. ತೊಡೆಯ ಮೇಲೆ ಬೆರಳು ತಾಳ ಹಾಕುತ್ತಿತ್ತು. ಕೋಣೆಯಲ್ಲಿ ಎ.ಸಿ.ಯ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಒಂದು ಕಡೆ ಬೆರಳು ತಡೆಯಿತು, ತುಟಿ ತುಸು ಅರಳಿತು, ಮತ್ತೆ ತಾಳ ಮುಂದುವರಿಯಿತು.

ಆಮೇಲೆ ಕಣ್ಣೊರೆಸಿಕೊಂಡು ಎದ್ದರು. "ಎಲ್ಲಾ ಬರೋಬರಿ ಹಾಕ್ಯಾನ. ಮೂರನೇ ಸಾಲಿನ್ಯಾಗ ಅಷ್ಟ, ತುದಿಗಿ ಏರಿಸ್ಯಾನ," ಎಂದರು. ಬಾಗಿಲ ಹತ್ತಿರ ನಿಂತು, "ಇರ್ಲಿ. ತಿದ್ದಬ್ಯಾಡ್ರಪ್ಪ," ಎಂದು ಹೊರಟುಹೋದರು.

ತಪ್ಪಿನ ವಿಷಯ ನಾನು ಯಾರಿಗೂ ಹೇಳಿರಲಿಲ್ಲ, ಎರ್ರಿಸ್ವಾಮಿಗೂ ಗೊತ್ತಿರಲಿಲ್ಲ. ಜ್ವರದ ಕನವರಿಕೆಯಲ್ಲಿ ವೀರೇಶನೇ ಅವ್ವನಿಗೆ ಹೇಳಿದ್ದನೇನೋ ಎಂದು ನನ್ನನ್ನು ನಾನು ಒಪ್ಪಿಸಲು ನೋಡಿದ್ದೇನೆ. ಆಗ ಆ ತಡೆದ ಬೆರಳು ಕಣ್ಣ ಮುಂದೆ ಬರುತ್ತದೆ. ಅವರಿಗೆ ಏನು ಕೇಳಿಸಿತೋ ನನಗೆ ತಿಳಿಯದು. ಪಕ್ಕದಲ್ಲೇ ನಿಂತಿದ್ದ ನನಗೂ ಒಂದಿಷ್ಟು ಕೇಳಿಸಬಾರದಿತ್ತೇ ಎಂಬ ದುಃಖ ಮಾತ್ರ ಇನ್ನೂ ಇದೆ.

ಸೆಂಟರ್ ಮುಚ್ಚಿದಾಗ ಆ ಫ್ಲಾಪಿಯನ್ನು ನಾನು ಮನೆಗೆ ತಂದೆ. ಕೆಟ್ಟ ಫ್ಲಾಪಿಗಳನ್ನೂ ಈಗ ಸರಿಮಾಡಿ ಕೊಡುವವರಿದ್ದಾರಂತೆ. ಕೊಡು, ನೋಡೋಣ ಎಂದು ಗೆಳೆಯರು ಕೇಳುತ್ತಾರೆ. ತಿದ್ದಬೇಡಿ ಎಂದು ನೀಲಮ್ಮ ಹೇಳಿಹೋಗಿದ್ದಾರಲ್ಲ, ನಾನು ಯಾರ ಕೈಗೂ ಕೊಟ್ಟಿಲ್ಲ.