ಕಾಣೆಯಾದವಳು ಅಂಗಡಿಯಲ್ಲೇ ಇದ್ದಳು

ಹೋದ ತಿಂಗಳು ಗೊತ್ತಾಯ್ತು, ನಾನು ಕಾಣೆಯಾಗಿದ್ದೀನಿ ಅಂತ.

ಮೂಡಿಗೆರೆಯಲ್ಲಿ ನನ್ನ ಮ್ಯಾಚಿಂಗ್ ಸೆಂಟರ್ ಎಲ್ಲಿದೆ ಅಂತ ನಿಮಗೆಲ್ಲ ಗೊತ್ತು. ಬೆಳಿಗ್ಗೆಯಿಂದ ಸಂಜೆವರೆಗೆ ಕೌಂಟರ್ ಹಿಂದೆಯೇ ಇರ್ತೀನಿ. (ಈ ಅಂಕಣ ಬರೆಯೋದೂ ಅಲ್ಲೇ, ಲೈನಿಂಗ್ ಬಟ್ಟೆ ಹರಿಯೋದರ ಮಧ್ಯೆ.) ಇಷ್ಟು ಸುಲಭಕ್ಕೆ ಸಿಗೋ ಹೆಂಗಸು ಕಾಣೆಯಾಗೋದು ಹೇಗೆ?

ಮೊದಲು ಒಂದು ಫೋನ್ ಬಂತು. "ಮೇಡಂ, ಆರೋಗ್ಯದ ವಿಚಾರ ಮಾತಾಡ್ಬೇಕಿತ್ತು. ನೀವೇ ಅಂತ ಖಾತ್ರಿ ಮಾಡ್ಕೊಳ್ಳೋಕೆ ಹುಟ್ಟಿದ ಇಸವಿ ಹೇಳ್ತೀರಾ?"

ನಾನು ಬಿಡ್ತೀನಾ? ಪೇಪರ್ ಓದೋ ಹೆಂಗಸು. "ಓಟಿಪಿನೂ ಬೇಕಾ?" ಅಂತ ಕೇಳಿ ನಂಬರ್ ಬ್ಲಾಕ್ ಮಾಡಿದೆ. ಪರ್ಸನಲ್ ಲೋನ್ ಕೊಡ್ತೀನಿ ಅಂದವಳ ಮಾತನ್ನು ಹಿಂದಿನ ದಿನವಷ್ಟೇ ಐದು ನಿಮಿಷ ಕೇಳಿದ್ದೆ. ನನಗಾಗಿ ಫೋನ್ ಮಾಡಿದವಳಿಗೆ ಐದು ಸೆಕೆಂಡ್ ಕೊಡಲಿಲ್ಲ.

ನಾಲ್ಕು ದಿನ ಬಿಟ್ಟು ಒಬ್ಬಳು ಕೊಡೆ ಮಡಚಿಕೊಂಡು ಅಂಗಡಿಗೇ ಬಂದಳು. ಹೆಸರು ರೇವತಿ ಅಂತಿಟ್ಕೊಳ್ಳಿ. ನೋಡಿದ್ದೇ ನನ್ನ ಕೈಯಲ್ಲಿದ್ದ ಕತ್ತರಿ ನಿಂತಿತು. ಚಿಕ್ಕಮಗಳೂರಿನಲ್ಲಿ ನಾನು ಮಾತ್ರೆ ತಗೊಳ್ಳೋ ಸೆಂಟರ್‌ನವಳು! ಎದುರಿಗೆ ಜಾವಳಿ ಊರಿನ ಸರೋಜಕ್ಕ ಹಸಿರು ಸೀರೆಗೆ ಹಸಿರು ಬ್ಲೌಸ್ ಪೀಸ್ ಹುಡುಕ್ತಾ ಮುಕ್ಕಾಲು ಗಂಟೆಯಿಂದ ಕೂತಿದ್ದಾರೆ.

ರೇವತಿ ನನ್ನ ಮುಖ ನೋಡಿದಳು, ಸರೋಜಕ್ಕನನ್ನೂ ನೋಡಿದಳು. "ಮೇಡಂ, ನೀವು ಪ್ರತಿ ತಿಂಗಳು ತಗೋತಿದ್ದ ಐಟಂ ತೆಗೆದಿಟ್ಟಿದ್ದೀವಿ. ಎರಡೂವರೆ ತಿಂಗಳಾಯ್ತು, ನೀವು ಬಂದೇ ಇಲ್ಲ."

"ಎಂಥ ಐಟಂ ಮಾರಾಯ್ತಿ? ನಂಗೂ ತೋರ್ಸು," ಅಂದರು ಸರೋಜಕ್ಕ.

"ಅದು ಹೆಸರು ಬರೆಸಿದವರಿಗೆ ಮಾತ್ರ ಅಮ್ಮ."

"ಸ್ಟಾಕ್ ಉಂಟಾ?"

"ಇವ್ರ ಹೆಸರಲ್ಲಿ ಯಾವಾಗ್ಲೂ ಇರುತ್ತೆ."

"ರೇಟು?"

"ಫ್ರೀ."

"ಫ್ರೀಯಾ! ಹಂಗಾದ್ರೆ ನನ್ನ ಹೆಸರೂ ಬರ್ಕೊ!"

ಐಟಂ ಅಂದ್ರೆ ಎಚ್‌ಐವಿ ಮಾತ್ರೆ. ಒಂಬತ್ತು ವರ್ಷದಿಂದ ತಗೋತಿದ್ದೀನಿ. (ಸರೋಜಕ್ಕ, ನೀವು ಹೆಸರು ಬರೆಸೋಕೆ ಹೊರಟಿದ್ದು ಇದಕ್ಕೇ.) ಹೇಗೆ ಬಂತು ಅಂತ ಕೇಳ್ತೀರಿ, ಗೊತ್ತು. ಶುಗರ್ ಇರೋರನ್ನು ಯಾರಾದ್ರೂ ಹಾಗೆ ಕೇಳ್ತಾರಾ?

ಮಾತ್ರೆಗೆ ಹೋಗುವಾಗ ಪ್ರತಿ ಸಲವೂ ಊರಿಗೆ ಹೇಳಿಹೋಗಿದ್ದು ಹಲ್ಲಿನ ಡಾಕ್ಟರ ಹತ್ರ ಅಂತ. ಆ ಪ್ರಕಾರ ನನ್ನ ಬಾಯಲ್ಲಿ ಇಷ್ಟೊತ್ತಿಗೆ ಒಂದು ಹಲ್ಲೂ ಇರಬಾರದು. ಮೂವತ್ತೆರಡೂ ಇವೆ. ಯಾರೂ ಎಣಿಸಲಿಲ್ಲ, ಪುಣ್ಯ.

ಒಂಬತ್ತು ವರ್ಷ ತಪ್ಪಿಸದವಳು ಯಾಕೆ ಬಿಟ್ಟೆ?

ಮಳೆ ಹಿಡಿದ ಹೊಸತರಲ್ಲಿ ಮಾತ್ರೆ ತರೋಕೆ ಹೋದಾಗ ಆ ಕ್ಯೂನಲ್ಲಿ ನಮ್ಮೂರಿನವರೊಬ್ಬರು ನಿಂತಿದ್ದರು. (ಗಂಡಸೋ ಹೆಂಗಸೋ ಹೇಳಲ್ಲ. ಹೇಳಿದ್ರೆ ಸಂಜೆಯೊಳಗೆ ನೀವು ಮನೆ ಬಾಗಿಲಿಗೇ ಹೋಗಿ ನಿಲ್ತೀರಿ.) ಕಣ್ಣಿಗೆ ಕಣ್ಣು ಸೇರಿತು. ನಾನು ತಿರುಗಿದವಳೇ ಬಸ್ ಸ್ಟ್ಯಾಂಡಿಗೆ ಓಡಿದೆ. ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಆಮೇಲೆ ಕೆಮ್ಮು ಹಿಡೀತು. ಮಳೆಗಾಲದ ಕೆಮ್ಮು ಅಂದೆ. ನನ್ನ ಬ್ಲೌಸುಗಳನ್ನೆಲ್ಲ ಒಂದೊಂದು ಇಂಚು ಒಳಗೆ ಹಿಡಿಸಬೇಕಾಯ್ತು. ಗಿರಾಕಿಗಳಿಗೆ ಖುಷಿಯೋ ಖುಷಿ. "ಎಷ್ಟು ಸ್ಲಿಮ್ ಆಗಿದ್ದೀರಿ! ಯಾವ ಡಯಟ್?" ನಾನೂ ನಕ್ಕೆ. ಸಾಯೋ ದಾರಿ ಹಿಡಿದವಳಿಗೆ ಕಾಂಪ್ಲಿಮೆಂಟು ಕೊಡೋ ಊರು ನಮ್ಮದು.

ಸರೋಜಕ್ಕ ಹೋದ ಮೇಲೆ ರೇವತಿ ಸ್ಟೂಲ್ ಎಳೆದುಕೊಂಡು ಕೂತಳು. ಮಾತ್ರೆ ಒಯ್ಯೋ ದಿನ ದಾಟಿದರೆ ಅಲ್ಲಿನ ಕಂಪ್ಯೂಟರ್ ಕಾಣೆಯಾದವರ ಪಟ್ಟಿ ತೆಗೆಯುತ್ತಂತೆ. ಮೊದಲು ಫೋನ್. ಸಿಗದಿದ್ದರೆ, ನಾವು ಒಪ್ಪಿ ಬರೆದುಕೊಟ್ಟ ವಿಳಾಸಕ್ಕೆ ಇವಳೇ ಬರ್ತಾಳಂತೆ.

"ಆ ಪಟ್ಟಿ ಎಷ್ಟು ಜನ ನೋಡ್ತಾರೆ?" ಅಂತ ಕೇಳಿದೆ.

"ಸೆಂಟರ್‌ನವರು ಮಾತ್ರ. ಹೊರಗೆ ಬಾಯಿಬಿಟ್ರೆ ನನ್ನ ಕೆಲಸ ಹೋಗುತ್ತೆ ಮೇಡಂ."

ನಮ್ಮೂರಲ್ಲಿ ಇನ್ನೊಬ್ಬರ ವಿಷಯ ಹೊರಗೆ ಹೇಳಿ ಕೆಲಸ ಕಳ್ಕೊಂಡವರನ್ನು ನಾನು ನೋಡಿಲ್ಲ. ಹೇಳದೇ ಹೊಟ್ಟೆ ಉಬ್ಬಿ ಒದ್ದಾಡಿದವರನ್ನು ಬೇಕಾದಷ್ಟು ನೋಡಿದ್ದೀನಿ.

ನನ್ನ ಮೇಲೆ ಕಣ್ಣಿಟ್ಟಿರೋ ಕಂಪ್ಯೂಟರುಗಳಿಗೇನು ಬರವೇ? ಒಮ್ಮೆ ಮಿಕ್ಸಿ ಹುಡುಕಿದ್ದಕ್ಕೆ ಮಳೆಗಾಲ ಪೂರ್ತಿ ಮಿಕ್ಸಿ ತೋರಿಸಿದವು. ನಾನು ಬದುಕಿರಲಿ ಅಂತ ಕಣ್ಣಿಟ್ಟಿದ್ದು ಸೆಂಟರಿನ ಇದೊಂದೇ. ಅದಕ್ಕೆ ಹೆದರಿಕೊಂಡು ಕೂತಿದ್ದೆನಲ್ಲ!

ಮರುದಿನ ಅಂಗಡಿ ಬಾಗಿಲು ಹಾಕಿ ಹೋದೆ. ರಕ್ತ ಕೊಟ್ಟೆ. (ರಿಪೋರ್ಟ್ ಆಮೇಲೆ ಬಂತು: ಲೆಕ್ಕಕ್ಕೆ ಸಿಗದಷ್ಟು ಇಳಿದಿದ್ದ ವೈರಸ್ ಮತ್ತೆ ತಲೆ ಎತ್ತಿತ್ತು.) ಡಾಕ್ಟರು ಬೈಯಲಿಲ್ಲ. ಕೆಮ್ಮಿಗೆ ಎಕ್ಸ್-ರೇ ತೆಗೆಸಿ ನೋಡಿ, "ತಡ ಆಗಿಲ್ಲ, ಇವತ್ತಿಂದಲೇ ಶುರು ಮಾಡಿ," ಅಂದರು. ಬೈದಿದ್ರೆ ವಾಸಿ ಇತ್ತು. ಅಳು ಬರ್ತಿರಲಿಲ್ಲ.

ಹೊರಡುವಾಗ ರೇವತಿಯನ್ನು ಮೆಲ್ಲಗೆ ಕೇಳಿದೆ. "ಅವತ್ತು ಕ್ಯೂನಲ್ಲಿ ನಮ್ಮೂರಿನವರೊಬ್ಬರಿದ್ರಲ್ಲ. ಅವ್ರು ಮತ್ತೆ ಬಂದ್ರಾ?"

"ಅವ್ರು ಬಂದು ನಿಮ್ಮ ಬಗ್ಗೆ ಕೇಳಿದ್ರೆ ಹೇಳ್ಲಾ ಮೇಡಂ?"

ನೆಟ್ಟಗೆ ಬಸ್ ಸ್ಟ್ಯಾಂಡಿಗೆ ಬಂದು ಬಸ್ ಹತ್ತಿದೆ.

ಆಲ್ದೂರು ದಾಟುವಾಗ ಹೊಳೀತು. ಎರಡೂವರೆ ತಿಂಗಳು 'ಅವರು ನನ್ನನ್ನು ನೋಡಿಬಿಟ್ರು' ಅಂತ ಸಾಯ್ತಿದ್ದೆ. ನಾನೂ ಅವರನ್ನು ನೋಡಿಬಿಟ್ಟಿದ್ದೆನಲ್ಲ? ಅವರೂ ಅವತ್ತು ಇನ್ನೊಂದು ಬಾಗಿಲಿನಿಂದ ಓಡಿರಬಹುದಲ್ಲ? ಎಲ್ಲೋ ಕೂತು ಕೆಮ್ತಿರಬಹುದಲ್ಲ?

ಅವರ ಮನೆಗೆ ಹೋಗೋ ಹಕ್ಕು ನನಗಿಲ್ಲ. ಆದ್ರೆ ಅವರು ಈ ಅಂಕಣ ಓದ್ತಾರೆ, ಒಮ್ಮೆ ಅಂಗಡಿಗೆ ಬಂದಾಗ ಹೇಳಿದ್ದರು. ಅದಕ್ಕೇ ಇಷ್ಟೆಲ್ಲ ಬರೆದೆ. ನೋಡಿ, ನನ್ನ ಗುಟ್ಟು ಊರಿಗೇ ಗೊತ್ತಾಯ್ತು. ನಿಮ್ಮದು ನನ್ನ ಹತ್ರವೇ ಇದೆ, ಇಲ್ಲೇ ಇರುತ್ತೆ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿಬನ್ನಿ.

ಉಳಿದ ಓದುಗರಿಗೆ ಒಂದೇ ಪ್ರಶ್ನೆ: ಈ ವಾರದಿಂದ ನನ್ನ ಅಂಗಡಿಗೆ ಬರೋದು ಬಿಡೋ ಗಿರಾಕಿಗಳನ್ನು ಹುಡುಕಿಕೊಂಡು ಬರೋಕೆ ನಾನು ಯಾರನ್ನು ಕಳಿಸಲಿ?