ಮೂಲೆ ಹರಿದ ಕಾಗದ

ಸಂಸ್ಥಾನದ ಕಾಲದ ಮಾತು. ನಮ್ಮ ಅಣ್ಣ ಸ್ಪೇನಿಗೆ ಸೇರಿದ ಒಂದು ಬಂದರಿನಲ್ಲಿ, ಸಿಂಧಿ ವ್ಯಾಪಾರಿಯೊಬ್ಬರ ರೇಷ್ಮೆ ಅಂಗಡಿಯಲ್ಲಿ ಕೆಲಸಕ್ಕಿದ್ದ. ಬನಹಟ್ಟಿಯ ನಮ್ಮ ನೇಕಾರ ಓಣಿಯಿಂದ ಅಷ್ಟು ದೂರ ಹೋದವನು ಅವನೊಬ್ಬನೇ. ರಜೆಗೆ ಬಂದಾಗ ತನ್ನ ಹಳೆಯ ಸ್ಪ್ಯಾನಿಶ್-ಇಂಗ್ಲಿಷ್ ನಿಘಂಟನ್ನು ನನಗೆ ಕೊಟ್ಟು ಹೋಗಿದ್ದ. ಜಮಖಂಡಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿತು ಮಾಸ್ತರನಾಗಿದ್ದ ನನಗೆ ಆಗ ಸೊಕ್ಕು ಸ್ವಲ್ಪ ಹೆಚ್ಚೇ ಇತ್ತು.

ಒಂದು ಮಧ್ಯಾಹ್ನ ಅಣ್ಣ ಬಾಡಿಗೆಗಿದ್ದ ಮನೆಯ ಮುದುಕಿಯಿಂದ ಕಾಗದ ಬಂತು. ನಾಲ್ಕೇ ಸಾಲು, ಎಲ್ಲ ಸ್ಪ್ಯಾನಿಶ್. ಅವ್ವ ನೂಲು ಸುತ್ತುವುದನ್ನು ಬಿಟ್ಟು ಬಂದು ನೋಡಿದಳು. ಕಾಗದದ ಮೇಲಿನ ಮೂಲೆ ಹರಿದಿತ್ತು. ಸಾವಿನ ಸುದ್ದಿಯನ್ನು ನಮ್ಮಲ್ಲಿ ಹಾಗೆ ಮೂಲೆ ಹರಿದು ಕಳಿಸುತ್ತಾರೆ; ಅಂಥ ಕಾಗದವನ್ನು ಹೊಸ್ತಿಲೊಳಗೆ ತರುವುದಿಲ್ಲ.

“ಹೊರಗ ಕುಂತು ಓದು,” ಎಂದಳು.

ನನಗೆ ರೇಗಿತು. ಸಮುದ್ರ ದಾಟಿ ಬಂದ ಕಾಗದ ಹರಿಯದೆ ಇರುತ್ತದೆಯೇ, ಆ ಮುದುಕಿಗೆ ನಮ್ಮ ಪದ್ಧತಿ ಯಾರು ಹೇಳಿಕೊಟ್ಟಾರು ಎಂದು ಗದರಿ, ಒಳಗೇ ಕೂತು ನಿಘಂಟು ತೆರೆದೆ. ಕ್ರಿಯಾಪದಗಳೆಲ್ಲ ರೂಪ ಬದಲಿಸಿಕೊಂಡಿದ್ದರಿಂದ ಬಹಳಷ್ಟು ಶಬ್ದಗಳು ಸಿಗಲೇ ಇಲ್ಲ. ಅಣ್ಣನ ಹೆಸರಿನ ಹಿಂದಿದ್ದ ‘ಪೋಬ್ರೆ’ ಎಂಬ ವಿಶೇಷಣ ಸಿಕ್ಕಿತು. ಮೊದಲ ಅರ್ಥ, ಬಡವ. ಎರಡನೆಯದು, ಕನಿಕರಕ್ಕೆ ಪಾತ್ರನಾದವನು. ನಾನು ಮೊದಲನೆಯದನ್ನೇ ಹಿಡಿದೆ. ಅಣ್ಣನ ಕೆಲಸ ಹೋಗಿರಬೇಕು, ಬೇಗ ಊರಿಗೆ ಬಂದಾನು ಎಂದು ಬಾಗಿಲ ಮರೆಯಲ್ಲಿ ನಿಂತಿದ್ದ ಅವನ ಹೆಂಡತಿಗೆ, ನಮ್ಮ ವೈನಿಗೆ, ಹೇಳಿದೆ. ಮರುದಿನ ಬಳೆಗಾರ ಬಂದಾಗ ವೈನಿ ಕೈತುಂಬ ಹಸಿರು ಬಳೆ ಇಡಿಸಿಕೊಂಡಳು.

ಅವ್ವ ಮತ್ತೆ ಆ ಮಾತೆತ್ತಲಿಲ್ಲ. ಆದರೆ ಅಂದಿನಿಂದ ತಲೆಗೆ ಎಣ್ಣೆ ಹಚ್ಚಲಿಲ್ಲ, ಸಿಹಿ ಮುಟ್ಟಲಿಲ್ಲ. ನನಗೆ ಕಾಣುತ್ತಿತ್ತು, ಕೇಳಲಿಲ್ಲ.

ಎರಡು ತಿಂಗಳ ಮೇಲೆ ಅಂಗಡಿಯ ಜೊತೆಗಾರನೊಬ್ಬ ಇಂಗ್ಲಿಷಿನಲ್ಲಿ ಬರೆದ. ಅಣ್ಣ ಜ್ವರದಿಂದ ತೀರಿಕೊಂಡು ಎಷ್ಟೋ ದಿನವಾಗಿತ್ತು. ತಾನು ಹೋದರೆ ಮೂಲೆ ಹರಿದೇ ಕಾಗದ ಕಳಿಸಬೇಕು, ನಮ್ಮವ್ವನಿಗೆ ಓದಲು ಬರುವುದಿಲ್ಲ ಎಂದು ಅಣ್ಣನೇ ಆ ಮುದುಕಿಗೆ ಹೇಳಿದ್ದನಂತೆ.

ಅದನ್ನು ನಾನು ಹೊರಗೆ, ಕಟ್ಟೆಯ ಮೇಲೆ ಕೂತು ಓದಿದೆ. ವೈನಿಯ ಬಳೆ ಒಡೆದ ದಿನ ಕಳೆದ ಮೇಲೆ, ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ ಎಂದು ಅವ್ವನನ್ನು ಕೇಳಿದೆ.

“ನೀ ಓದಿದ್ದನ್ನ ಅಕಿ ನಂಬಿದ್ಲು. ಎಷ್ಟು ದಿನ ಆಕೈತಿ ಅಷ್ಟು ದಿನ ಕುಂಕುಮ ಹಚ್ಚಿಕೊಳ್ಳಲಿ ಅಂತ ಬಿಟ್ನಿ.” ಮತ್ತೆ ನೂಲು ಸುತ್ತತೊಡಗಿ, “ಪಾಪ, ನನ್ನ ಮಗಾ. ಸಾಯೂ ಮುಂದನೂ ನನಗ ಓದಾಕ ಬರೂದಿಲ್ಲಂತ ನೆನಪಿಟ್ಟಿದ್ದ,” ಎಂದಳು.

ನಿಘಂಟಿನ ಎರಡನೆಯ ಅರ್ಥ ನನಗೆ ತಿಳಿದದ್ದು ಆಗ.