ಅಂಬರಾಯನ ಗಾಡಿಯ ಟೊಪ್ಪಿಗೆ

ವಾಡಿಯಿಂದ ಸೇಡಂಗೆ ಬೆಳಿಗ್ಗೆ ಹೊರಟರೆ ಸೂರ್ಯ ಎದುರಿಗೆ. ಸಂಜೆ ತಿರುಗಿ ಬಂದರೆ ಆಗಲೂ ಎದುರಿಗೆ. ಬಾಡಿಗೆ ಗಾಡಿ ಹೊಡೆಯುವವನ ಹಣೆಬರಹ ಇಷ್ಟು ಕೆಟ್ಟದ್ದಿರಬೇಕೇ? ರಾವೂರಿನ ಅಂಬರಾಯ ತನ್ನ ಅಂಬಾಸಿಡರ್ ಗಾಡಿಯಲ್ಲಿ ಕೋಡ್ಲಾ ಫ್ಯಾಕ್ಟರಿಯ ಮಂದಿಯನ್ನು ತುಂಬಿಕೊಂಡು ಅದೇ ದಾರಿಯಲ್ಲಿ ತಲೆಗೂದಲು ಬೆಳ್ಳಗೆ ಮಾಡಿಕೊಂಡ.

ಮದುವೆಯಾದ ಹೊಸದರಲ್ಲಿ ಅವನ ಕಣ್ಣುಗಳು ಕೆಂಡದುಂಡೆಯಾಗಿ ಸದಾ ನೀರು ಸುರಿಸುತ್ತಿದ್ದವು. ಹೆಂಡತಿ ಭೀಮಮ್ಮನಿಗೆ ಅದನ್ನು ನೋಡಿ ತಡೆಯಲಾಗಲಿಲ್ಲ. ತವರಿನಿಂದ ತಂದಿದ್ದ ದೊಡ್ಡ ಟ್ರಂಕಿನ ಮುಚ್ಚಳ ಕಿತ್ತು, ಶಹಾಬಾದಿನಲ್ಲಿ ತಗಡಿನ ಕೆಲಸ ಮಾಡುವ ಮೆಹತಾಬನ ಮುಂದಿಟ್ಟಳು. ಅವಳವ್ವ ಚಿಂಚೋಳಿ ಪೇಟೆಯಲ್ಲಿ ಆರಿಸಿ ಆರಿಸಿ ಕೊಂಡ ಟ್ರಂಕು ಅದು. ಮುಚ್ಚಳದ ತುಂಬ ಕೆಂಪು ಗುಲಾಬಿ ಬರೆದಿದ್ದರು.

“ಅಕ್ಕಾ, ಇಂಥಾ ಚೆಂದ ಮಾಲು ಕೆಡಸ್ತಿಯೇನು?” ಎಂದ ಮೆಹತಾಬ್.

“ಹೂವ ತಗೊಂಡು ಏನ್ ಮಾಡ್ಲಿ? ಇವರ ಕಣ್ಣ ಹ್ವಾದ್ರ ಯಾರ ಕೊಡ್ತಾರ? ನೀ ಬಡೀ ಅಣ್ಣಾ.”

ಮೆಹತಾಬ್ ಮುಚ್ಚಳವನ್ನು ಬಾಗಿಸಿ, ಮುಂದಿನ ಗಾಜಿನ ಮೇಲೆ ಹೊರಗಡೆ ಕೂಡಿಸಿ, ಮೇಲೆ ಹಸಿರು ಬಣ್ಣ ಬಳಿದ. ಎರಡೂ ಬದಿಗೆ ಗೇಣು ಗೇಣು ಕಮ್ಮಿ ಬಿತ್ತು, ಆದರೂ ಕಣ್ಣಿಗೆ ನೆರಳಾಯಿತು. “ಗಾಡಿಗಿ ಟೊಪ್ಪಿಗಿ ಹಾಕ್ಯಾನ, ಇನ್ನ ಮೆರವಣಿಗಿ ಒಂದು ಬಾಕಿ!” ಎಂದು ಮಂದಿ ನಕ್ಕರು. ನಗಲಿ ಬಿಡಿ, ಅವರ ಗಂಟೇನು ಹೋಗುತ್ತದೆ? ಬೋಳು ಟ್ರಂಕಿಗೆ ಭೀಮಮ್ಮ ಹಳೆಯ ಸೀರೆ ಹೊದಿಸಿ ಮಂಚದ ಕೆಳಗೆ ತಳ್ಳಿದಳು.

ಹೋದ ವರ್ಷ ಭೀಮಮ್ಮನಿಗೆ ಲಕ್ವಾ ಹೊಡೆಯಿತು. ಕೈಕಾಲು ಬಿದ್ದವು, ಕುತ್ತಿಗೆ ತಿರುಗುವುದಿಲ್ಲ, ದನಿಯಷ್ಟೇ ಸಣ್ಣಗೆ ಉಳಿಯಿತು. ಪಡುವಣ ಕಿಟಕಿಯ ಬಳಿ ಮಲಗಿ ಓಣಿ ನೋಡುವುದೇ ಅವಳ ಬದುಕಾಯಿತು. ಸಂಜೆಯಾದರೆ ಬಿಸಿಲು ನೆಟ್ಟಗೆ ಕಣ್ಣಿಗೇ ಬೀಳುತ್ತಿತ್ತು. ಕಿಟಕಿ ಮುಚ್ಚಿದರೆ, ಬಟ್ಟೆ ಇಳಿಬಿಟ್ಟರೆ, ಓಣಿ ಕಾಣದೆ ಅಳುತ್ತಾಳೆ. ತೆರೆದರೆ ಬಿಸಿಲಿಗೆ ಕಣ್ಣೀರು. ಅಂಬರಾಯ ಎದುರು ನಿಂತು ಮೊರ ಅಡ್ಡ ಹಿಡಿಯುತ್ತಿದ್ದ. ಎಷ್ಟು ಹೊತ್ತು ಹಿಡಿದಾನು? ಕೈ ಸೋಲುತ್ತಿತ್ತು.

ಅವಳನ್ನು ಬಿಟ್ಟು ದಾರಿ ಹಿಡಿಯುವಂತಿರಲಿಲ್ಲವಾದ್ದರಿಂದ ಗಾಡಿ ಮಾರಲು ನಿಂತ. ಚಿತ್ತಾಪುರದ ಮಾಸ್ತರ ಅಭಯ ಬಂದ. ಹಳೆಯ ಗಾಡಿಗಳೆಂದರೆ ಆ ಮನುಷ್ಯನಿಗೆ ಹುಚ್ಚು.

“ಕಾಕಾ, ಈ ಟೊಪ್ಪಿಗಿಗೇ ನಾ ಮರುಳಾಗೀನಿ. ಇಂಥಾದ್ದು ಈಗ ಎಲ್ಲೂ ಸಿಗಂಗಿಲ್ಲ.”

“ಗಾಡಿ ಒಯ್ರಿ ಸರ್. ಟೊಪ್ಪಿಗಿ ಕೊಡಂಗಿಲ್ಲ.”

“ಅದಿಲ್ಲಂದ್ರ ಗಾಡಿಗಿ ಕಳಾನೇ ಇಲ್ಲಲ್ಲ!”

“ಹಂಗಾರ ಗಾಡೀನೂ ಬ್ಯಾಡ, ಬಿಡ್ರಿ.”

ಅಭಯ ಮುಖ ಕೆಂಪಗೆ ಮಾಡಿಕೊಂಡು ಓಣಿಯ ತನಕ ಹೋದ, ಗಾಡಿಯನ್ನು ತಿರುತಿರುಗಿ ನೋಡಿದ, ವಾಪಸು ಬಂದ. ಹುಚ್ಚು ಹಿಡಿದವನು ಇನ್ನೇನು ಮಾಡಿಯಾನು! ಟೊಪ್ಪಿಗೆಯಿಲ್ಲದ ಗಾಡಿಯನ್ನೇ ಒಯ್ದ.

ಅಂಬರಾಯ ಗಾಡಿ ಓಣಿ ದಾಟುವುದನ್ನೂ ನೋಡದೆ ಏಣಿ ತಂದ. ಕಲ್ಲಿನ ಗೋಡೆಗೆ ಮೊಳೆ ಇಳಿಯಲಿಲ್ಲ. ಟೊಪ್ಪಿಗೆಯನ್ನು ಕಿಟಕಿಯ ಕಟ್ಟಿಗೆ ಚೌಕಟ್ಟಿಗೇ ಹೊರಗಡೆಯಿಂದ ತಿರುಪು ಹಾಕಿ ಬಿಗಿದ. ಸಂಜೆ ಬಿಸಿಲು ಬಂತು. ನೆರಳು ಸರಿಯಾಗಿ ಅವಳ ಕಣ್ಣ ಮೇಲೆ ಬಿತ್ತು, ಕೆಳಗೆ ಓಣಿಯೂ ಕಾಣುತ್ತಿತ್ತು. ಶಹಬ್ಬಾಸ್ ಅನ್ನಿಸಿಕೊಳ್ಳುವ ಆಸೆಯಿಂದ ಒಳಗೆ ಬಂದ.

ಭೀಮಮ್ಮ ಓಣಿಯನ್ನು ನೋಡುತ್ತಿರಲಿಲ್ಲ. ಟೊಪ್ಪಿಗೆಯ ಒಳಮೈ ನೋಡುತ್ತಿದ್ದಳು. ಬಿಸಿಲು ತಾಗದ ಆ ಮೈಯಲ್ಲಿ ಗುಲಾಬಿಗಳು ಹಾಗೇ ಕೆಂಪಗಿದ್ದವು.

“ಹೂವು ಇನ್ನಾ ಅದಾವೇನ್ರಿ?”

“ಎಲ್ಲಿಗಿ ಹೋಗ್ತಾವ? ಹೂವಿನ ಮೈ ಕೆಳಗ ಮಾಡಿ ಕೂಡಿಸ್ಯಾನ ಅಂವ. ಮುಂದ ಕುಂತು ಸ್ವಲ್ಪ ಬಗ್ಗಿದ್ರ ದಿನಾ ಕಾಣಸ್ತಿದ್ದುವು. ನಿನಗ ಗೊತ್ತಿಲ್ಲೇನು?”

“ಮೆಹತಾಬಣ್ಣ ಬಣ್ಣ ಬಳದು ಮುಚ್ಚ್ಯಾನ ಅಂತ ತಿಳದಿದ್ದೆ.” ಹೂವಿನ ಮೇಲಿಂದ ಕಣ್ಣು ತೆಗೆಯದೆ, “ನಾ ಯಾವಾಗ ಮುಂದ ಕುಂತೀನ್ರಿ?” ಎಂದಳು.

ಸಿಟ್ಟಿನಿಂದ ಅಂದದ್ದಲ್ಲ, ಕೇಳಿದಳಷ್ಟೇ. ಅಂಬರಾಯನ ಗಾಡಿಯಲ್ಲಿ ಮುಂದಿನ ಸೀಟು ಯಾವತ್ತೂ ಬಾಡಿಗೆಯವರಿಗೆ. ಅವಳವ್ವನ ಮಣ್ಣಿಗೆ ಚಿಂಚೋಳಿಗೆ ಹೊರಟ ದಿನವೂ ದಾರಿಯಲ್ಲಿ ಯಾರೋ ಕೈ ಮಾಡಿದರೆಂದು ಅವರನ್ನು ಮುಂದೆ ಕೂಡಿಸಿಕೊಂಡಿದ್ದ. ಭೀಮಮ್ಮ ಹಿಂದೆ ಬಾಗಿಲಿಗೆ ಒತ್ತಿ ಕುಳಿತು ದಾರಿಯುದ್ದಕ್ಕೂ ಅತ್ತಿದ್ದಳು.

ಅವನು ಕಿಟಕಿಗೆ ಅಡ್ಡವಾಗಿ ನಿಂತೇ ಇದ್ದ.

“ಬಾಜೂಕ ಸರೀರಿ,” ಎಂದಳು ಭೀಮಮ್ಮ. “ಅವ್ವನ ಹೂವು ಕಾಣವಲ್ದು.”

ಅವನು ಸರಿದು ನಿಂತ.